ಸುಣ್ಣದ ಗೋಡೆಗೆ ದೊಡ್ಡಮ್ಮನ ಕೆನ್ನೆ

ನಮ್ಮ ಆಫೀಸಿನ ಕಟ್ಟಡಕ್ಕೆ ಬುದ್ಧಿ ಇದೆ ಎಂದು ಹೇಳಿಕೊಳ್ಳುವುದು ನಮ್ಮವರಿಗೆ ಭಾರಿ ಹೆಮ್ಮೆ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ತಾನೇ ಆರುತ್ತದೆ, ಬಿಸಿಲೇರಿದರೆ ಕಿಟಕಿಯ ಪರದೆ ತಾನೇ ಇಳಿಯುತ್ತದೆ, ತಾರಸಿಯ ಮಳೆನೀರು ತಾನೇ ಹೋಗಿ ತೊಟ್ಟಿ ಸೇರುತ್ತದೆ. ಆ ಬುದ್ಧಿಯನ್ನು ಕಾಯುವವನು ನಾನು. ಕಂಟ್ರೋಲ್ ರೂಮಿನಲ್ಲಿ ಆರು ಸ್ಕ್ರೀನುಗಳ ಮುಂದೆ ಕೂತು, ಎಲ್ಲವೂ ತಾನೇ ಆಗುವುದನ್ನು ನೋಡುತ್ತ ಟೀ ಕುಡಿಯುವುದು ನನ್ನ ಉದ್ಯೋಗ.

ಇಂಥ ಕಟ್ಟಡದೊಳಗೆ ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಸುಣ್ಣದ ಬಕೆಟ್ಟು ಹಿಡಿದು ಬಂದಳು. ಕರೆಸಿದವನು ನಾನೇ. ಕಟ್ಟಡದ ನಕ್ಷೆ ಮಾಡಿದ ಮೇಡಂ, "ಎಲ್ಲಾ ಕಡೆ ಗಾಜು ಹಾಕಿಸಿಕೊಂಡ್ರಿ. ಬಾಗಿಲಲ್ಲಿ ಎದುರಿಗೆ ಕಾಣೋ ಗೋಡೆಯಾದ್ರೂ ಈ ಊರಿನವರ ಕೈಯಲ್ಲಿ ಆಗ್ಲಿ" ಎಂದು ಹಟ ಹಿಡಿದಿದ್ದರು. ಸಿಮೆಂಟಿಲ್ಲ, ಬಣ್ಣವಿಲ್ಲ, ಬರೀ ಸುಣ್ಣದ ಗಾರೆ. ಅಂಥ ಗೋಡೆ ಸೆಕೆಯಲ್ಲಿ ತಂಪಾಗಿರುತ್ತದೆ, ಏಸಿಗೆ ಕೆಲಸ ಕಡಿಮೆ ಎಂದೂ ಸೇರಿಸಿದರು. ದೊಡ್ಡ ಸಾಹೇಬರಿಗೆ ಊರಿನ ಕೈಗಿಂತ ಈ ಕೊನೆಯ ಮಾತು ಹಿಡಿಸಿತು. ಸುಣ್ಣದ ಗಾರೆಯನ್ನು ಕಲ್ಲಿನಿಂದ ಉಜ್ಜಿ ಹೊಳೆಯಿಸಬಲ್ಲವರು ಊರಿನಲ್ಲಿ ಉಳಿದಿದ್ದು ದೊಡ್ಡಮ್ಮ ಒಬ್ಬಳೇ. "ನಮ್ಮ ದೊಡ್ಡಮ್ಮನೇ ಇದ್ದಾರೆ ಸರ್" ಎಂದು ಎದೆಯುಬ್ಬಿಸಿ ಹೇಳಿದ್ದೆ.

ಆ ಕಲ್ಲಿನ ಬಗ್ಗೆ ಒಂದು ಮಾತು. ಅಂಗೈಯಗಲದ ಕರಿ ಕಲ್ಲು, ದೊಡ್ಡಮ್ಮನಿಗೆ ಅವಳ ಅತ್ತೆ ಕೆಲಸ ಕಲಿಸಿ ಕೊಟ್ಟದ್ದು. ಮನೆಯ ಬೀಗದ ಕೈ ಕಳೆದರೆ "ಎಲ್ಲೋ ಇರುತ್ತೆ ಬಿಡು" ಅನ್ನುವವಳು, ಕಲ್ಲು ಒಂದು ಗಳಿಗೆ ಕಾಣದಿದ್ದರೆ ಮನೆಯನ್ನೇ ತಲೆಕೆಳಗು ಮಾಡುತ್ತಾಳೆ. ಇನ್ನೊಂದು ಅಭ್ಯಾಸವಿದೆ. ಗಾರೆ ಬಳಿದ ಮೇಲೆ ದಿನಕ್ಕೆ ನಾಲ್ಕು ಸಲ ಗೋಡೆಗೆ ಕೆನ್ನೆ ಒತ್ತುತ್ತಾಳೆ. ತಣ್ಣಗಿದ್ದರೆ ಗೋಡೆ ನಿಧಾನವಾಗಿ, ಸರಿಯಾಗಿ ಆರುತ್ತಿದೆ ಎಂದರ್ಥ. ಬೆಚ್ಚಗಾದರೆ ಅವಸರ ಮಾಡುತ್ತಿದೆ, ಕೂಡಲೇ ನೀರು ಚಿಮುಕಿಸಬೇಕು. "ಮದ್ವೆ ಆದಾಗಿಂದ ಗೋಡೆಗೆ ಸಿಕ್ಕಷ್ಟು ಕೆನ್ನೆ ನನಗೆ ಸಿಕ್ಕಿಲ್ಲ" ಎಂದು ದೊಡ್ಡಪ್ಪ ಬಂದವರೆದುರೆಲ್ಲ ಗೊಣಗುತ್ತಾನೆ.

ಮೊದಲ ದಿನವೇ ಗೇಟು ತಕರಾರು ತೆಗೆಯಿತು. ಅದಕ್ಕೆ ಬೆರಳಿನ ಗುರುತು ಬೇಕು. ದೊಡ್ಡಮ್ಮನ ಹತ್ತು ಬೆರಳ ಗೆರೆಗಳನ್ನೂ ಸುಣ್ಣ ಎಂದೋ ತಿಂದುಹಾಕಿತ್ತು. ಸೆಕ್ಯುರಿಟಿಯವನು ಮುಖ ನೋಡುವ ಕ್ಯಾಮೆರಾಕ್ಕೆ ಬದಲಾಯಿಸಿದ. ಬೆಳಿಗ್ಗೆ ಬಾಗಿಲು ತೆರೆಯಿತು. ಊಟ ಮುಗಿಸಿ ಬರುವಾಗ ಒಂದು ಕೆನ್ನೆ ಬೆಳ್ಳಗಿತ್ತು, ಯಂತ್ರ ಗುರುತಿಲ್ಲ ಅಂದಿತು.

"ಬೆಳಿಗ್ಗೆ ನೋಡಿದವರನ್ನ ಮಧ್ಯಾಹ್ನ ಮರೆಯುತ್ತಲ್ಲೋ, ಇದೇನಾ ನಿನ್ನ ಬುದ್ಧಿವಂತ ಕಟ್ಟಡ?" ಎಂದಳು ದೊಡ್ಡಮ್ಮ. ಅಂದಿನಿಂದ ದಿನಾ ಮಧ್ಯಾಹ್ನ ವಿಸಿಟರ್ ಪುಸ್ತಕದಲ್ಲಿ ಅವಳ ಹೆಸರು ಬರೆಯುವ ಕೆಲಸ ನನಗೇ ಬಿತ್ತು.

ಹನ್ನೆರಡು ದಿನಕ್ಕೆ ಗೋಡೆ ಎದ್ದು ನಿಂತಿತು. ಹಾಲಿನ ಕೆನೆಯ ಹಾಗಿತ್ತು. ಕೊನೆಯ ಪದರ ಬಳಿದು, ಸಂಜೆ ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ, ಮಗುವನ್ನು ಮಲಗಿಸಿದಷ್ಟು ಸದ್ದಿಲ್ಲದೆ ದೊಡ್ಡಮ್ಮ ಮನೆಗೆ ಹೋದಳು. ಮರುದಿನ ಬಂದು ಗೋಣಿ ಸರಿಸಿದರೆ, ಗೋಡೆಯ ತುಂಬ ಕೂದಲೆಳೆಯಂಥ ಬಿರುಕುಗಳು.

ಅವಳು ಕೆನ್ನೆ ಒತ್ತಲಿಲ್ಲ. ತನ್ನ ಎರಡೂ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. "ಕೈ ಕೆಟ್ಟಿತು" ಎಂದಳು, ಯಾರಿಗೂ ಅಲ್ಲ. ದೊಡ್ಡ ಸಾಹೇಬರು ಬಂದು ನೋಡಿ, ಇದರ ಮೇಲೆ ಸುಣ್ಣದ ಗೋಡೆಯ ಚಿತ್ರವಿರುವ ಪ್ಲಾಸ್ಟಿಕ್ ಹಾಳೆ ಅಂಟಿಸಿದರಾಯಿತು, ನೋಡುವವರಿಗೆ ಎರಡೂ ಒಂದೇ ಅಂದರು. ದೊಡ್ಡಮ್ಮ ಬಕೆಟ್ಟು ಎತ್ತಿಕೊಂಡು ಹೊರಟುಹೋದಳು.

ನಾನು ಮೇಲೆ ಹೋಗಿ ಸ್ಕ್ರೀನು ನೋಡಿದೆ. ಹಿಂದಿನ ಸಂಜೆ ಏಳಕ್ಕೆ ಕಟ್ಟಡ ಬರೆದುಕೊಂಡಿತ್ತು: ಮುಂಬಾಗಿಲ ಬಳಿ ತೇವ ಹೆಚ್ಚು, ಒಣಗಿಸುವ ಫ್ಯಾನ್ ಚಾಲೂ. ಅಷ್ಟು ದಿನ ಮಿತಿಯೊಳಗಿದ್ದ ತೇವ ಒದ್ದೆ ಗೋಣಿ ಹೊದಿಸಿದ ಮೇಲೆ ಮಿತಿ ದಾಟಿತ್ತು. ಬೆಳಗಿನ ಐದರವರೆಗೂ ಬಿಸಿಗಾಳಿ ಊದಿದೆ. ತೇವ ಕಂಡರೆ ಸೋರಿಕೆ ಎಂದು ತಿಳಿದು ಒಣಗಿಸು ಎಂದು ಅದಕ್ಕೆ ಹೇಳಿಕೊಟ್ಟವನು ನಾನು. ಗೋಡೆ ಏಳುವಾಗ ಅದನ್ನು ನಿಲ್ಲಿಸಬೇಕು ಎಂದು ಹೊಳೆಯದೆ ಹೋದವನೂ ನಾನೇ. ಸ್ಕ್ರೀನು ಆರಿಸಿ ಟೀ ತರಿಸಿಕೊಂಡೆ. ಹೆದರಿದ್ದೆ, ಬೇರೇನೂ ಇಲ್ಲ. ಎರಡು ದಿನ ಬಾಯಿ ಬಿಡಲಿಲ್ಲ.

ಮೂರನೇ ದಿನ ಅವರ ಮನೆಗೆ ಹೋದೆ. ದೊಡ್ಡಮ್ಮ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಜಜ್ಜುತ್ತಿದ್ದಳು. ಕೈಯಲ್ಲಿದ್ದದ್ದು ಆ ಕರಿ ಕಲ್ಲು. ದೊಡ್ಡಪ್ಪ ಬಾಗಿಲಲ್ಲಿ ನಿಂತು ನನಗೆ ಕಣ್ಣಲ್ಲೇ ಏನೋ ಹೇಳಿದ. ಅಂದು ಅವನಿಗೂ ತಮಾಷೆ ಬರಲಿಲ್ಲ.

ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ದೊಡ್ಡಮ್ಮ ಜಜ್ಜುವುದನ್ನು ನಿಲ್ಲಿಸಿ ಕೇಳಿದಳು: "ಯಾವತ್ತು ಗೊತ್ತಾಯ್ತು?"

"ಅವತ್ತೇ, ಬೆಳಿಗ್ಗೇನೇ."

ಕಲ್ಲನ್ನು ಸೀರೆಯ ಸೆರಗಿನಲ್ಲಿ ಒರೆಸಿದಳು, ಮೂಸಿ ನೋಡಿದಳು, ಮತ್ತೆ ಒರೆಸಿದಳು. "ಗೋಡೆ ಬಿರುಕು ಬಿಟ್ರೆ ಕೆರೆದು ಮತ್ತೆ ಬಳೀಬಹುದು. ಎರಡು ದಿನ ನನ್ನ ಕೈ ಸತ್ತೋಯ್ತು ಅಂತ ಕೂತಿದ್ದೀನಿ, ನೀನು ಟೀ ಕುಡೀತಾ ಇದ್ದೆ." ಆಮೇಲೆ ಎದ್ದು ನಿಂತು, "ಸರಿ ಸಾಹೇಬ್ರೇ, ಇದನ್ನೇ ನಿಮ್ಮ ಆಫೀಸಲ್ಲೂ ಹೇಳಿ" ಎಂದಳು.

ಹುಟ್ಟಿದಾಗಿನಿಂದ ನನ್ನನ್ನು 'ಲೋ' ಎಂದೇ ಕರೆದವಳು. ಬೈದಿದ್ದರೆ ಹಾಯಾಗಿರುತ್ತಿತ್ತು.

ಆಫೀಸಿನಲ್ಲಿ ಹೇಳಿದೆ. ದೊಡ್ಡ ಸಾಹೇಬರು ಹಾಳೆಯ ಗುಂಗಿನಲ್ಲೇ ಇದ್ದರು. ನಕ್ಷೆಯ ಮೇಡಂ ಮಾತ್ರ ಮೇಜು ಕುಟ್ಟಿ, "ತಪ್ಪು ಕಟ್ಟಡದ್ದು, ಗೋಡೆದಲ್ಲ" ಎಂದು ವಾದಿಸಿ ಗೋಡೆಗೆ ಇನ್ನೂ ಹದಿನೈದು ದಿನ ಗಿಟ್ಟಿಸಿದರು. ನನಗೆ ಬರವಣಿಗೆಯಲ್ಲಿ ಒಂದು ಎಚ್ಚರಿಕೆ ಸಿಕ್ಕಿತು.

ದೊಡ್ಡಮ್ಮ ಮೇಲಿನ ಪದರ ಕೆರೆದು ಮತ್ತೆ ಬಳಿದಳು. ಈ ಸಲ ಬಿಸಿಗಾಳಿಯ ಫ್ಯಾನು ಬಂದ್. ಅವಳು ಕೆನ್ನೆ ಒತ್ತಿ "ತಣ್ಣಗಿದೆ" ಅಂದಾಗ ನಾನು ತೇವ ಅಳೆಯುವ ಸೆನ್ಸರಿನ ಅಂಕಿ ಬರೆದುಕೊಳ್ಳುವುದು, "ಬೆಚ್ಚಗಾಯ್ತು" ಅಂದಾಗ ಇನ್ನೊಂದು. ಹೀಗೆ ಆ ಬುದ್ಧಿವಂತ ಕಟ್ಟಡ ಒಂದು ಕೆನ್ನೆಯಿಂದ ಪಾಠ ಹೇಳಿಸಿಕೊಂಡಿತು. ಎಲ್ಲ ಮಾತೂ "ಬರ್ಕೊಳ್ಳಿ ಸಾಹೇಬ್ರೇ, ಸರ್ಕೊಳ್ಳಿ ಸಾಹೇಬ್ರೇ" ಅಷ್ಟರಲ್ಲೇ ಮುಗಿಯುತ್ತಿತ್ತು. ಒಂದು ದಿನ ಅಂಕಿಯನ್ನು ಮಾತ್ರ ನೋಡಿ ತಲೆಯಾಡಿಸಿದೆ. "ಯಂತ್ರಕ್ಕೆ ಕೆನ್ನೆ ಇಲ್ಲ, ನಿಮಗಿದೆಯಲ್ಲ. ಒತ್ತಿ" ಎಂದಳು. ಸೂಟು ಹಾಕಿದ ನಾಲ್ಕು ಜನ ಲಿಫ್ಟಿಗೆ ಕಾಯುತ್ತಿದ್ದರು. ಅವರೆದುರೇ ಗೋಡೆಗೆ ಮುಖ ಕೊಟ್ಟು ನಿಂತೆ. ಆಮೇಲೆ ಅದೇ ದಿನಚರಿಯಾಯಿತು. ಮೂರು ದಿನಕ್ಕೆ ತಂಪಿನಲ್ಲೂ ಬಗೆಬಗೆ ಇದೆ ಎಂದು ನನಗೂ ತಿಳಿಯತೊಡಗಿತು.

ಹದಿನಾಲ್ಕನೇ ದಿನ ದೊಡ್ಡಮ್ಮ ಕಲ್ಲು ತೆಗೆದು ಉಜ್ಜಲು ಕೂತಳು. ಒಂದೂ ಬಿರುಕಿಲ್ಲ. ಸಾಹೇಬರು ಬಂದು, ಗೋಡೆಯ ಹೊಳಪಿನಲ್ಲಿ ತಮ್ಮ ಮುಖ ಕಂಡು, ಹಾಳೆಯ ವಿಷಯ ಎತ್ತದೆ ಕ್ರಾಪು ಸರಿಮಾಡಿಕೊಂಡು ಹೋದರು.

ಅವತ್ತು ಮಧ್ಯಾಹ್ನ ಊಟ ಮುಗಿಸಿ ಬಂದರೆ ಗೇಟು ತೆರೆಯಲಿಲ್ಲ. ಕ್ಯಾಮೆರಾ ಕೆಂಪು ದೀಪ ತೋರಿಸಿತು. ಒರೆಸಿಕೊಳ್ಳಲು ಮರೆತ ನನ್ನ ಕೆನ್ನೆ ಬೆಳ್ಳಗಿತ್ತು. ಸೆಕ್ಯುರಿಟಿಯವನು ಇಂಥ ದಿನಕ್ಕಾಗಿಯೇ ಕಾದವನಂತೆ ವಿಸಿಟರ್ ಪುಸ್ತಕ ಮುಂದೆ ತಳ್ಳಿ, "ಯಾರ ಕಡೆಯವರು ಸರ್?" ಎಂದ.

ಹಿಂದಿನಿಂದ ಟಿಫಿನ್ ಡಬ್ಬಿಯ ಸದ್ದು ಬಂತು. "ಬಿಡಪ್ಪಾ ಒಳಗೆ, ನಮ್ಮ ಹುಡುಗ ಅವನು" ಎಂದಳು ದೊಡ್ಡಮ್ಮ. ಸೆರಗಿನ ತುದಿ ಹಿಡಿದು ನನ್ನ ಕೆನ್ನೆಯವರೆಗೆ ತಂದವಳು, ಏನನ್ನಿಸಿತೋ, ಒರೆಸದೆ ಬಿಟ್ಟಳು. "ನಡಿಯೋ, ಗೋಡೆ ಕಾಯ್ತಿದೆ."

ಅವತ್ತು ಸಂಜೆ ಮನೆ ಸೇರುವವರೆಗೂ ನಾನು ಮುಖ ತೊಳೆಯಲಿಲ್ಲ.