ಪೂವಪ್ಪಣ್ಣನ ಗಂಭೀರ ಸಾವು

ಪೂವಪ್ಪಣ್ಣ ಬಾಯಿ ತೆರೆದರೆ ಜನ ನಗುತ್ತಿದ್ದರು ಎಂದರೆ ಪೂರ್ತಿ ನಿಜವಲ್ಲ; ಬಾಯಿ ತೆರೆಯುವ ಮೊದಲೇ ನಗುತ್ತಿದ್ದರು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಅವರು ಸೇಲ್ಸ್‌ಮನ್. ಇಸ್ತ್ರಿಪೆಟ್ಟಿಗೆ ಕೊಳ್ಳಲು ಬಂದವರಿಗೆ, "ಇದರಲ್ಲಿ ಶರ್ಟು ಮಾತ್ರ ಇಸ್ತ್ರಿ ಆಗ್ತದೆ, ಮುಖ ಆಗುವುದಿಲ್ಲ, ಮೊದಲೇ ಹೇಳಿದ್ದೇನೆ" ಎನ್ನುವವರು. ಬಂದವರು ನಕ್ಕು, ಬೇಡದ ಟಾರ್ಚನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ನಮ್ಮ ಕನ್ನಡ ಸಂಘದ ನಾಟಕಗಳಲ್ಲಿ ಅವರಿಗೆ ಯಾವಾಗಲೂ ಕುಡುಕನದೋ ಕಿವುಡನದೋ ಪಾರ್ಟು.

ಒಮ್ಮೆ ಅವರ ಜೀವದ ಗೆಳೆಯರೊಬ್ಬರು ತೀರಿಕೊಂಡರು. ಸಂತಾಪ ಸಭೆಯಲ್ಲಿ ಪೂವಪ್ಪಣ್ಣ ಎದ್ದು ನಿಂತು, "ಅವರು ಒಳ್ಳೆಯ ಮನುಷ್ಯ" ಎಂದಷ್ಟೇ ಹೇಳಿದ್ದರು. ಹಿಂದಿನ ಸಾಲಿನಿಂದ ಕಿಸಕ್ಕೆಂದು ನಗು ಬಂತು. ಅವರು ಮುಂದೆ ಮಾತಾಡದೆ ಕೂತುಬಿಟ್ಟರು.

ನಾನು ಮಾರ್ಟಿನಾ, ಇಲ್ಲಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ಸಂಘದ ನಾಟಕ ಆಡಿಸುವುದು ನನ್ನ ಹಣೆಬರಹ. ೨೦೧೪ರಲ್ಲಿ ನನಗೆ ಹುಕಿ ಬಂದು, ಇಂಗ್ಲೆಂಡಿನ ಜೇಮ್ಸ್ ದೊರೆಯ ಕಾಲದ ನಾಟಕಕಾರನೊಬ್ಬನನ್ನು ಕನ್ನಡಕ್ಕೆ ಎಳೆದು ತಂದೆ. ಆತನ ನಾಟಕಗಳ ತುಂಬ ಅರಮನೆ, ಹೊಗಳುಭಟ್ಟರು, ಚಾಡಿ, ವಿಷ. ಕೊನೆಯಲ್ಲಿ ಬದುಕಿ ಉಳಿಯುವವನು ಪರದೆ ಎಳೆಯುವವನು ಮಾತ್ರ. ಬೇರೆಯವರ ಮನೆಯ ವಿಷ ಎಂದರೆ ಜನರಿಗೆ ಬಹಳ ರುಚಿ, ಆ ಪುಣ್ಯಾತ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಸಂಘದ ಕಾರ್ಯದರ್ಶಿ ಅಡಿವೆಪ್ಪನವರು ಧಾರವಾಡ ಕಡೆಯ ಇಂಜಿನಿಯರ್. ಅವರಿಗೆ ಇದು ಸರಿಬೀಳಲಿಲ್ಲ. "ಎಲ್ಲಾರೂ ಸಾಯೋ ನಾಟಕ ರಾಜ್ಯೋತ್ಸವಕ್ಕ ಯಾಕ್ರೀ ಟೀಚರ್? ಆಮ್ಯಾಲೆ ಊಟ ಬ್ಯಾರೆ ಐತಿ."

"ನಾಲ್ಕು ನೂರು ವರ್ಷದಿಂದ ಜನ ನೋಡ್ತಾ ಇದ್ದಾರೆ, ಊಟ ಬಿಟ್ಟವರು ಯಾರೂ ಇಲ್ಲ" ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ಮೊದಲ ದಿನ ನಾಟಕ ಓದಿದಾಗ ಪೂವಪ್ಪಣ್ಣ ಕಣ್ಣರಳಿಸಿದರು. "ಇದನ್ನು ಬರೆದವ ನಮ್ಮ ಅಂಗಡಿಗೆ ಬಂದು ಹೋಗಿದ್ದಾನಾ ಎಂತ? ದೊರೆಯ ಹಿಂದೆ ಬಾಲ ಆಡಿಸುವವ ನಮ್ಮ ಮ್ಯಾನೇಜರೇ. ಅಣ್ಣನ ಮೇಲೆ ಚಾಡಿ ಹೇಳುವವ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಉಂಟು." ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಎಲ್ಲರೂ ಹೋದ ಮೇಲೆ ಅವರು ನನ್ನ ಹತ್ತಿರ ಬಂದರು. "ಟೀಚರ್, ಆ ವಿಷ ಹಾಕುವ ಮಂತ್ರಿಯ ಪಾರ್ಟು ನನಗೆ ಕೊಡಿ." ನಾನೂ ನಕ್ಕೆ. ಅವರು ನಗಲಿಲ್ಲ.

"ನಾಟಕ ಮುಗಿದ ವಾರ ನನ್ನ ವೀಸಾ ಖಲಾಸ್. ಊರಿಗೆ ಹೋಗ್ತೇನೆ. ಹೀಗೇ ಹೋದರೆ, ನಾಳೆ ನಾನು ಸತ್ತ ಸುದ್ದಿ ಬಂದರೂ ಇವರು ನಗ್ತಾರೆ. ಒಂದೇ ಒಂದು ಸಲ ಇವರು ನಗದೆ ನನ್ನನ್ನು ನೋಡಬೇಕು."

ಪಾರ್ಟು ಕೊಟ್ಟೆ.

ಅವರ ಹೆಂಡತಿ ಅಪ್ಪಿ ಆಮೇಲೆ ನನ್ನಲ್ಲಿ ದೂರಿದರು. "ದಿನಾ ಸೋಫಾದ ಎದುರು ಬಿದ್ದು ಸಾಯ್ತಾರೆ ಟೀಚರ್. ಉಸಿರು ಬಿಡುವುದೂ ಕಾಣುವುದಿಲ್ಲ. ನಾನು ದಾಟಿಕೊಂಡು ಹೋಗಿ ಬಟ್ಟೆ ಒಣಗಿಸ್ತೇನೆ."

ನಾಟಕ ಶುಕ್ರವಾರ ಮಧ್ಯಾಹ್ನ. ಕಪ್ಪು ನಿಲುವಂಗಿ ತೊಟ್ಟು ಪೂವಪ್ಪಣ್ಣ ಪ್ರವೇಶಿಸಿದ್ದೇ ತಡ, ಸಭೆ ನಕ್ಕಿತು. ದೊರೆಗೆ ವಿಷ ಕೊಟ್ಟರು, ನಗು. ಲೋಟ ಅದಲುಬದಲಾಗಿ, ವಿಷವೆಂದು ಅಪ್ಪಿ ಮಾಡಿಕೊಟ್ಟ ಪುನರ್ಪುಳಿ ಶರಬತ್ತನ್ನು ತಾವೇ ಕುಡಿದು ನೆಲಕ್ಕೆ ಬಿದ್ದರು. ಯಾರೋ ಸಿಳ್ಳೆ ಹೊಡೆದರು. ಪರದೆಯ ಬದಿಯಲ್ಲಿ ನಿಂತಿದ್ದ ನನಗೆ ಆ ಸಿಳ್ಳೆಯವನ ಶರಬತ್ತಿಗೂ ಏನಾದರೂ ಹಾಕೋಣ ಅನ್ನಿಸಿತು.

ನಮ್ಮ ಸಂಘದಲ್ಲಿ ಒಂದು ಪದ್ಧತಿ ಉಂಟು. ಮುಖ್ಯ ಅತಿಥಿಗಳು ಹೊರಡಬೇಕು ಎಂದರೆ ನಾಟಕ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ, ಸನ್ಮಾನ ಶುರುವಾಗುತ್ತದೆ. ಅವತ್ತಿನ ಅತಿಥಿಗಳು ರುವೈಸ್‌ನವರು, ದೂರದ ದಾರಿ. ಅಡಿವೆಪ್ಪನವರು ಮೈಕು ಹಿಡಿದು ನೇರ ಅರಮನೆಯೊಳಗೆ ಬಂದರು.

"ಊರಿಗೆ ಹೊಂಟಿರೋ ನಮ್ಮ ಪೂವಪ್ಪನವರಿಗೆ ಈಗ ಸನ್ಮಾನ."

ನಗು ಇಮ್ಮಡಿಯಾಯಿತು. ಪೂವಪ್ಪಣ್ಣ ಏಳಲಿಲ್ಲ.

"ರೀ, ಏಳ್ರಿ. ಸಾಹೇಬ್ರು ಹೊಂಡಬೇಕು."

ಏಳಲಿಲ್ಲ. ಅತಿಥಿಗಳು ಆಗಲೇ ಶಾಲು ಬಿಡಿಸಿಯಾಗಿತ್ತು. ಏನು ಮಾಡುವುದೆಂದು ತೋಚದೆ ಬಗ್ಗಿ ಅವರ ಮೈಮೇಲೆ ಹೊದಿಸಿದರು. ಅಡಿವೆಪ್ಪನವರು ಗಂಧದ ಹಾರವನ್ನು ಎದೆಯ ಮೇಲಿಟ್ಟು, ಹಣ್ಣಿನ ಬುಟ್ಟಿಯನ್ನು ತಲೆಯ ಹತ್ತಿರ ಇಟ್ಟರು. ಇಟ್ಟ ಮೇಲೆ ತಾವು ಮಾಡಿದ್ದು ಅವರಿಗೇ ಕಂಡಿತು. ಸಭೆಗೂ ಕಂಡಿತು.

ಮುಂದಿನ ಸಾಲಿನಲ್ಲಿ ಮೊದಲು ನಗು ನಿಂತಿತು, ಆಮೇಲೆ ಅದರ ಹಿಂದಿನದರಲ್ಲಿ. "ಪೂವಪ್ಪನವರ?" ಅಡಿವೆಪ್ಪನವರು ಮೈಕು ಹಿಡಿದುಕೊಂಡೇ ಬಗ್ಗಿ ಕರೆದರು. ಯಾರೋ ಎದ್ದು ನಿಂತರು, ನೋಡನೋಡುತ್ತಿದ್ದಂತೆ ಎಲ್ಲರೂ ಎದ್ದರು. ನಾಟಕ ಆಡಿಸಿದವಳು ನಾನು. ನಾನೂ ಅವರ ಎದೆಯ ಮೇಲಿನ ಹಾರ ಅಲುಗುತ್ತದೆಯೇ ಎಂದು ನೋಡತೊಡಗಿದೆ.

ಅಪ್ಪಿ ಮಾತ್ರ ಅವಸರವಿಲ್ಲದೆ ಮೆಟ್ಟಿಲು ಹತ್ತಿ ಬಂದು ಗಂಡನ ಪಕ್ಕ ಕೂತರು. ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ್ದು ಅಡಿವೆಪ್ಪನವರ ಕೈಯ ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು.

"ಸಾಕು, ಏಳಿ. ಯಾರೂ ನಗ್ತಾ ಇಲ್ಲ."

ಹೆಣ ಕಣ್ಣು ತೆರೆಯಲಿಲ್ಲ, ತುಟಿ ಮಾತ್ರ ಅಲ್ಲಾಡಿಸಿತು. "ಹಿಂದಿನ ಸಾಲಿನವರು?"

ಅಪ್ಪಿ ತಲೆಯೆತ್ತಿ ನೋಡಿದರು. ಹಿಂದಿನ ಸಾಲಿನಲ್ಲಿ ಒಬ್ಬಾತ ಕಣ್ಣೊರೆಸಿಕೊಳ್ಳುತ್ತಿದ್ದ.

"ಅವರೂ ಇಲ್ಲ."

"ಹಾಗಾದ್ರೆ ಇನ್ನು ಸ್ವಲ್ಪ ಹೊತ್ತು ಹೀಗೇ ಇರ್ತೇನೆ" ಎಂದು ಪೂವಪ್ಪಣ್ಣ ಶಾಲನ್ನು ಗಲ್ಲದವರೆಗೆ ಎಳೆದುಕೊಂಡರು.