ಯಲ್ದೂರಿನ ಕಾಣದ ಉರಿ

"ಅಮ್ಮಾ, ಪೊರಕೆ ಮುಂದೆ ಚಾಚ್ಕೊಂಡೇ ನಡಿ. ತುದಿ ಹೊತ್ಕೊಂಡ್ರೆ ಅಲ್ಲೇ ನಿಂತ್ಬಿಡು."

ಕೋಲಾರ ಜಿಲ್ಲೆಯ ಯಲ್ದೂರಿಗೆ ಬಂದ ಮರುದಿನ ನನ್ನ ಮಗಳು ಶೀಲಾ ಹೇಳಿದ ಮಾತಿದು. ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ನನ್ನೊಡನೆ ಕಾನ್ವೆಂಟಿನಲ್ಲಿ ಓದಿದ ಗೆಳತಿಯರೇ, ಜಸ್ಟ್ ಇಮ್ಯಾಜಿನ್! ಮಟಮಟ ಮಧ್ಯಾಹ್ನ, ಅರವತ್ತೆಂಟರ ನಾನು, ಕೈಯಲ್ಲಿ ಕಡ್ಡಿಪೊರಕೆ, ಎದುರಿಗೆ ಬರೀ ಕೊಳವೆಗಳು.

ಶೀಲಾ ಎಂಜಿನಿಯರ್. ಡೀಸೆಲ್ ಎಂಜಿನ್ ಕಂಪನಿಯ ಒಳ್ಳೆಯ ಕೆಲಸ ಬಿಟ್ಟು, ಎರಡು ಸಾವಿರದ ಇಸವಿ ದಾಟಿದ ಮೇಲೆ ನನ್ನನ್ನೂ ಕರೆದುಕೊಂಡು ಇಲ್ಲಿಗೆ ಬಂದಳು. ಬಿಸಿಲಿನ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವುದು, ಮಾವಿನ ತಿರುಳಿನ ಫ್ಯಾಕ್ಟರಿಯ ಬಾಯ್ಲರ್‌ನಲ್ಲಿ ಸೌದೆಯ ಬದಲು ಅದನ್ನು ಉರಿಸುವುದು ಅವಳ ತಂಡದ ಕೆಲಸ. ಹೊಗೆಯಿಲ್ಲ, ಮಸಿಯಿಲ್ಲ. ಆದರೆ ಹಗಲಿನಲ್ಲಿ ಆ ಉರಿ ಕಣ್ಣಿಗೇ ಕಾಣುವುದಿಲ್ಲ. ಎಲ್ಲಾದರೂ ಸೋರಿ ಹೊತ್ತಿಕೊಂಡಿದ್ದರೆ ಪೊರಕೆಯ ತುದಿಯೇ ಹೇಳಬೇಕು.

ನಮ್ಮ ಬಾಡಿಗೆ ಮನೆಯ ಒಡತಿ ವೆಂಕಟಮ್ಮ ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವಳು. ಬೆಂಗಳೂರಿನಲ್ಲಿ ಪಕ್ಕದ ಮನೆಯವರು ಗೇಟಿನಲ್ಲಿ ನಿಂತು ಬೆಲ್ ಒತ್ತುತ್ತಿದ್ದರು, ಇಲ್ಲಿ ಈಕೆ ಸೀದಾ ಅಡುಗೆಮನೆಗೆ ಬಂದು ಮುಚ್ಚಳ ತೆಗೆದು, "ಏಮ್ಮಾ, ಇದು ಸಾರಾ? ನೀರಿಗೆ ಅರಿಶಿನ ಹಾಕ್ದಂಗೈತಲ್ಲ!" ಅನ್ನುತ್ತಿದ್ದಳು. ಮ್ಯಾನರ್ಸೇ ಇಲ್ಲ ಎಂದು ಮುನಿಸಿಕೊಂಡಿದ್ದೆ. ಒಮ್ಮೆ ವಾರವಿಡೀ ಅವಳು ಬಾರದಿದ್ದಾಗ ಮನೆ ಟೂ ಸೈಲೆಂಟ್ ಅನ್ನಿಸಿತು.

ಮೂರನೆಯ ವರ್ಷ ದೆಹಲಿಯಿಂದ ತಜ್ಞರ ಸಮಿತಿ ಬಂತು. ಅವರು ಒಪ್ಪದಿದ್ದರೆ ಶೀಲಾಳ ಹೈಡ್ರೋಜನ್ ಘಟಕಕ್ಕೆ ಬೀಗ. ವೆಂಕಟಮ್ಮ ತಾನಾಗಿಯೇ ಬಂದು ಘಟಕದ ಬಾಗಿಲಿಗೆ ತೋರಣ ಕಟ್ಟಿ ರಂಗೋಲಿ ಹಾಕಿದ್ದಳು. ಶೀಲಾ ಎಂದಿನಂತೆ ಬಾಗಿಲ ಪಕ್ಕದ ಗೋಡೆಯತ್ತ ಕೈ ಚಾಚಿದರೆ ಪೊರಕೆಯೇ ಇಲ್ಲ!

ಸೋರಿಕೆ ಹಿಡಿಯುವ ಮೀಟರ್ ಇದೆಯಲ್ಲ, ಸಾಕು ಎಂದರು ಸಮಿತಿಯ ಹಿರಿಯರು, ವಾಚು ನೋಡಿಕೊಳ್ಳುತ್ತಾ. ಪೊರಕೆ ಬರುವತನಕ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದಳು ಶೀಲಾ.

ವೆಂಕಟಮ್ಮನ ಮುಖ ಬಿಳಿಚಿಕೊಂಡಿತು. "ನಾನೇ ಕಾಂಪೌಂಡಿನ ಹಿಂದೆ ಬಚ್ಚಿಟ್ಟೆ ಕಣಮ್ಮಾ. ದೊಡ್ಡೋರು ಬರೋ ಹೊತ್ನಾಗೆ ಬಾಗ್ಲಲ್ಲಿ ಪೊರಕೆ ಇದ್ರೆ ಶುಭಾನಾ?" ಓಡಿಹೋಗಿ ತಂದಳು.

ಶೀಲಾ ಪೊರಕೆ ಚಾಚಿ ನಡೆದಳು. ಎರಡನೆಯ ಕೊಳವೆಯ ತಿರುವಿನಲ್ಲಿ, ಬರಿಯ ಬಿಸಿಲಿನಲ್ಲಿ, ಕಡ್ಡಿಗಳು ಚುರ್ರೆಂದು ಹೊತ್ತಿಕೊಂಡವು. ಮೀಟರ್ ಸುಮ್ಮನಿತ್ತು. ಅವಳು ಹಿಂದೆ ಸರಿದು ಅನಿಲ ನಿಲ್ಲಿಸಿದಳು. ಎಲ್ಲ ಮುಗಿಯಿತು ಅಂದುಕೊಂಡೆ. ಫ್ರಾಂಕ್ಲಿ, ಇನ್ನು ಬೆಂಗಳೂರಿಗೆ ವಾಪಸ್ ಹೋಗಬಹುದು ಎಂಬ ಆಸೆಯೂ ಒಂದು ಕ್ಷಣ ಇಣುಕಿತು.

ಹಿರಿಯರು ಕರಕಲಾದ ಪೊರಕೆಯನ್ನು ಕೈಗೆತ್ತಿಕೊಂಡು, ಮೀಟರ್ ಹಿಡಿಯದ್ದನ್ನು ಇದು ಹಿಡಿಯಿತಲ್ಲ ಎಂದರು. ರಿಪೇರಿ ಮಾಡಿಸಿ, ನಾಳೆ ಮತ್ತೆ ಬರುತ್ತೇವೆ ಎಂದರು. ಮರುದಿನ ಉರಿದದ್ದು ಬಾಯ್ಲರ್ ಮಾತ್ರ.

ಘಟಕ ಉಳಿಯಿತು. ಅದರಿಂದಲೇ ಶೀಲಾಗೆ ಗುಜರಾತಿನ ಕಡಲತೀರದಲ್ಲಿ ಇನ್ನೂ ದೊಡ್ಡ ಘಟಕ ಕಟ್ಟಿಸುವ ಹೊಣೆಯೂ ಬಂತು.

"ಕಂಟೋನ್ಮೆಂಟಿಗೆ ಹೋಗ್ತೀಯಾ ಅಮ್ಮಾ, ನನ್ನ ಜೊತೆ ಬರ್ತೀಯಾ?"

ಕೋಲಾರದ ಬಸ್ಸಿನಲ್ಲಿ ನಾನು ಈಗಲೂ 'ಬೆಂಗ್ಳೂರಮ್ಮ'. ಕಳೆದ ಸಲ ಬೆಂಗಳೂರಿಗೆ ಬಂದಾಗ ನನ್ನ ಮಾತಿಗೆ ಹತ್ತಿದ ಈ ಕಡೆಯ ಎಳೆತ ಕೇಳಿ ನೀವೆಲ್ಲ ನಕ್ಕಿರಿ.

ವೆಂಕಟಮ್ಮನ ತೋಟದ ಕಾಯಿಯಿಂದ ನಿನ್ನೆಯಷ್ಟೇ ಆವಕಾಯ ಹಾಕಿದ್ದೇವೆ; ಸಾಸಿವೆಪುಡಿ ಬೆರೆಸಿದ ಮಾವಿನ ಉಪ್ಪಿನಕಾಯಿಗೆ ಇಲ್ಲಿಯ ಹೆಸರದು. "ನೀನು ಮುಂದೆ ಹೋಗು, ಇದು ಮಾಗಲಿ, ಬರ್ತೀನಿ" ಎಂದೆ ಮಗಳಿಗೆ.

ಮೂರು ಜಾಡಿಗಳಾದವು. ಒಂದು ನಿಮಗೆ, ಎರಡು ಗುಜರಾತಿಗೆ ಅಂದುಕೊಂಡಿದ್ದೆ. ವೆಂಕಟಮ್ಮ ಒಂದನ್ನು ಎತ್ತಿಕೊಂಡು ತನ್ನ ಅಟ್ಟಕ್ಕೆ ಏರಿಸಿಬಿಟ್ಟಳು.

"ಇದು ಇಲ್ಲೇ ಇರ್ಲಿ ಬಿಡಮ್ಮಾ. ತಿರ್ಗಾ ಬಂದಾಗ ತಿನ್ನೋಕೆ ನಿಮ್ಗೆ ಬ್ಯಾಡ್ವಾ?"