ಅಕ್ಕನ ಬಿಳಿ ತೆನೆ

ಮೊನ್ನೆ ಪರ್ಕಳ ಪೇಟೆಯಲ್ಲಿ ಗಾಡಿಯವನೊಬ್ಬ ಕೆಂಡದ ಮೇಲೆ ಜೋಳದ ತೆನೆ ತಿರುಗಿಸುತ್ತಿದ್ದ. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲೆವೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು. ಕೊಂಡ ತೆನೆಯನ್ನು ಪೂರ್ತಿ ತಿನ್ನಲಾಗಲಿಲ್ಲ...

ಅಕ್ಕ ಎನ್ನುತ್ತಿದ್ದೆನಾದರೂ ವಯಸ್ಸಿನಲ್ಲಿ ಅವರು ನನ್ನ ಅಮ್ಮನಷ್ಟು. ಅವರ ಹಿತ್ತಿಲಿಗೂ ನಮ್ಮದಕ್ಕೂ ನಡುವೆ ಸೊಂಟದೆತ್ತರದ ಪಾಗಾರ. ಪ್ರತಿ ಮಳೆಗಾಲ ಅವರು ಬಿಳಿ ಕಾಳಿನ ಮುಸುಕಿನ ಜೋಳ ಹಾಕುತ್ತಿದ್ದರು. ಮದುವೆಯಾಗಿ ಬರುವಾಗ ಕಾರ್ಕಳದ ತವರಿನಿಂದ ತಂದ ಬೀಜ ಅದು. ಒಳ್ಳೆಯ ತೆನೆಗಳನ್ನು ಆರಿಸಿ, ಸಿಪ್ಪೆ ಹಿಂದಕ್ಕೆ ಹೆಣೆದು, ಒಲೆಯ ಮೇಲೆ ಹೊಗೆಗೆ ಕಟ್ಟಿಡುವುದು ಅವರ ಕ್ರಮ.

ಆ ವರ್ಷ ನನಗೆ ಸ್ವೀಟ್ ಕಾರ್ನ್ ಹುಚ್ಚು. ದುಬೈಯಿಂದ ತಂಗಿಯ ಮಕ್ಕಳು ರಜೆಗೆ ಬರುವವರಿದ್ದರು, ಅವರ ಕೈಯಿಂದಲೇ ತೆನೆ ಕೀಳಿಸಬೇಕೆಂಬ ಆಸೆ. ನನ್ನ ಕೈಯಲ್ಲಿ ಬೀಜದ ಪ್ಯಾಕೆಟ್ ಕಂಡು ಅಕ್ಕ ಪಾಗಾರದ ಬಳಿ ಬಂದರು.

"ನನ್ನದು ಹಾಕಿ ವಾರ ಆಯ್ತು. ನೀನು ಮೂರು ವಾರ ತಡೆದು ಹಾಕು ಮಾರಾಯ್ತಿ. ಒಟ್ಟಿಗೆ ಹೂ ಬಿಟ್ಟರೆ ಗಾಳಿಗೆ ನಿನ್ನದರ ಹೂವಿನ ಹುಡಿ ನನ್ನದಕ್ಕೆ ಬೀಳ್ತದೆ, ಬೀಜ ಬೆರಕೆ ಆಗ್ತದೆ. ಈ ಸಲ ಇದ್ದದ್ದೆಲ್ಲ ಹಾಕಿದ್ದೇನೆ, ಬೇರೆ ಬೀಜ ಇಲ್ಲ."

ಮೂರು ವಾರ ಕಾದರೆ ಮಕ್ಕಳ ರಜೆ ಮುಗಿಯುತ್ತಿತ್ತು. "ಇದು ತಡವಾಗಿ ಹೂ ಬಿಡುವ ಜಾತಿ ಅಕ್ಕ, ಪ್ಯಾಕೆಟಿನಲ್ಲಿ ಬರೆದಿದೆ" ಎಂದೆ. ಅಲ್ಲಿ ಹಾಗೇನೂ ಬರೆದಿರಲಿಲ್ಲ. ಇಂಗ್ಲಿಷ್ ಓದಲು ಬಾರದ ಅಕ್ಕ, "ಹಾಗಾದ್ರೆ ತೊಂದರೆ ಇಲ್ಲ" ಎಂದು ನಕ್ಕು ಹೋದರು. ನಾನು ಅದೇ ಸಂಜೆ ಬಿತ್ತಿದೆ.

ಜಡಿಮಳೆಯ ಆಟಿ ತಿಂಗಳಲ್ಲಿ ಎರಡೂ ಹಿತ್ತಿಲುಗಳಲ್ಲಿ ಒಂದೇ ವಾರ ಹೂ ಬಿಟ್ಟಿತು. ಅಕ್ಕ ಕತ್ತಿ ಹಿಡಿದು ಬಂದು, "ನಿನ್ನದರ ತುದಿಯ ಹೂ ಕೊಯ್ದು ತೆಗೆಯುವುದಾ? ನನ್ನದರ ಹುಡಿಯಲ್ಲೇ ನಿನಗೂ ಕಾಳು ಕಟ್ತದೆ" ಎಂದು ಮೆತ್ತಗೆ ಕೇಳಿದರು. ಹಾಗೆ ಮಾಡಿದರೆ ನನ್ನ ಜೋಳದ ಸಿಹಿ ಹೋಗುತ್ತದೆಂದು ನನಗೆ ಭಯ. "ನಾಳೆ ನೋಡುವ ಅಕ್ಕ" ಎಂದೆ. ಆ ನಾಳೆಯನ್ನು ಹೂವೆಲ್ಲ ಉದುರುವವರೆಗೆ ಎಳೆದೆ.

ಅವರ ತೆನೆ ಸುಲಿದಾಗ ಬಿಳಿಯ ನಡುವೆ ಎಲ್ಲೆಲ್ಲೂ ಹಳದಿ ಕಾಳು. ಅವರದರ ಹುಡಿ ಬಿದ್ದು ನನ್ನದೂ ಸಪ್ಪೆಯಾಗಿತ್ತು. ಮಕ್ಕಳು ಒಂದು ಸಲ ಕಚ್ಚಿ ತಟ್ಟೆಯಲ್ಲಿಟ್ಟರು. ಮಾಡಿದ್ದುಣ್ಣೋ ಮಹಾರಾಯ. ಆದರೆ ಅಕ್ಕ ಏನು ತಪ್ಪು ಮಾಡಿದ್ದರು? ಜಗಲಿಯಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಬಿಳಿ ಕಾಳುಗಳನ್ನಷ್ಟೇ ಆರಿಸಿ ಒಂದು ಮುಷ್ಟಿ ಬೀಜ ಮಾಡಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು...

ಮರುವರ್ಷ ಮೊದಲ ಮಳೆಗೇ ನಾನು ಅವರಲ್ಲಿಗೆ ಹೋಗಿ, "ಈ ಸಲ ನಾನು ಜೋಳ ಹಾಕುವುದಿಲ್ಲ ಅಕ್ಕ, ನೀವು ಧೈರ್ಯವಾಗಿ ಹಾಕಿ" ಎಂದೆ. "ಆಯ್ತು ಮಗಾ" ಎಂದರು. ಆದರೆ ಬಿತ್ತಲಿಲ್ಲ. ದಿನಾ ಬೆಳಿಗ್ಗೆ ಪಾಗಾರದ ಬಳಿ ಬಂದು ನಮ್ಮ ಹಿತ್ತಿಲನ್ನೊಮ್ಮೆ ನೋಡಿ ಹೋಗುತ್ತಿದ್ದರು. ತಿಂಗಳು ಕಳೆದು, ನಮ್ಮಲ್ಲಿ ಏನೂ ಮೊಳೆತಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಆ ಮುಷ್ಟಿ ಬೀಜವನ್ನು ಮಣ್ಣಿಗೆ ಹಾಕಿದರು. ಆಗ ಸುರಿದ ಮಳೆಗೆ ನೀರು ನಿಂತು ಎಳೆಯ ಸಸಿಗಳೆಲ್ಲ ಕೊಳೆತವು.

ಅಕ್ಕ ತೀರಿಕೊಂಡು ಕೆಲವು ವರ್ಷಗಳಾದವು. ಕ್ಷಮೆ ಕೇಳಲು ಸಮಯ ಬೇಕಾದಷ್ಟಿತ್ತು, ನನಗೆ ಬಾಯಿ ಬರಲಿಲ್ಲ. ಆ ಬೀಜಕ್ಕಾಗಿ ಕಾರ್ಕಳದ ಕಡೆಯೂ ಕೇಳಿ ಬಂದೆ, ಈಗ ಯಾರಲ್ಲೂ ಇಲ್ಲ. ನಾನು ಹೇಳಿದ ಸುಳ್ಳನ್ನು ಅವರು ಒಂದೇ ಮಾತಿಗೆ ನಂಬಿದ್ದರು. ನಿಜ ಹೇಳಿದಾಗ ಒಂದು ತಿಂಗಳು ಕಾದರು.